ರೇಡಿಯೇಟರ್‌ನಲ್ಲಿ ಬೆಣ್ಣೆ: ಹಳೆಯ ಡೀಸೆಲ್ ಕಾರಿನ ಒಂದು ದೋಷವೂ ಒಂಬತ್ತನೇ ತರಗತಿಯ ವಿಜ್ಞಾನವೂ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಕಲಿಲಗಳ ಪಟ್ಟಿಯೊಂದು ಬರುತ್ತದೆ. ದ್ರವದಲ್ಲಿ ದ್ರವ ಹರಡಿಕೊಂಡರೆ ಅದು ಎಮಲ್ಷನ್. ಉದಾಹರಣೆಗೆ ಹಾಲು, ಮುಖಕ್ಕೆ ಹಚ್ಚುವ ಕ್ರೀಮ್. ಬೋಧನಾಭ್ಯಾಸಕ್ಕೆ ಹೋಗುವ ನಾವೆಲ್ಲ ಈ ಪಟ್ಟಿಯನ್ನು ಚಾರ್ಟ್ ಮಾಡಿ ಗೋಡೆಗೆ ತೂಗುಹಾಕುತ್ತೇವೆ. ನನ್ನ ಪಾಠದ ದಿನ, ಮನೆಯಲ್ಲಿ ಕಂಡ ಇನ್ನೊಂದು ಎಮಲ್ಷನ್ ಹೇಳಿ ಎಂದು ಕೇಳಿದ್ದಕ್ಕೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ನಮ್ಮಪ್ಪನ ಗಾಡಿ ರೇಡಿಯೇಟರ್‌ನಲ್ಲಿ ಬೆಣ್ಣೆ ಬಂದಿದೆ. ಅದೂ ಎಮಲ್ಷನ್ನಾ?" ಎಂದ. ತರಗತಿ ನಕ್ಕಿತು, ಅವನು ನಗಲಿಲ್ಲ. ಬಾಡಿಗೆಗೆ ಓಡುವ ಆ ಹಳೆಯ ಡೀಸೆಲ್ ಕಾರು ನಾಲ್ಕು ದಿನದಿಂದ ನಿಂತಿತ್ತು. 'ಹೆಡ್ ಹೋಗಿದೆ, ಇಳಿಸಬೇಕು' ಎಂದು ಯಾರೋ ಹೇಳಿದ್ದರಂತೆ.

ಅವನ ಪ್ರಶ್ನೆಗೆ ಉತ್ತರ ಹೌದು. ಆದರೆ ಆ ಮನೆಗೆ ಬೇಕಿದ್ದದ್ದು ಅದು ಎಮಲ್ಷನ್ ಹೌದೋ ಅಲ್ಲವೋ ಎಂಬುದಲ್ಲ. ಆಯಿಲ್ ನೀರಿಗೆ ಎಲ್ಲಿಂದ ಬಂತು ಎಂಬುದು. ಶಾಲೆಯ ಎದುರು ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ಹಿರಿಯ ಮೇಸ್ತ್ರಿಯೊಬ್ಬರ ಜೊತೆ ನಿಂತು ಆ ಕಾರಿನ ಪರೀಕ್ಷೆಯನ್ನು ನೋಡಿದೆ. ಅಲ್ಲಿ ನಡೆದದ್ದೆಲ್ಲ ನಾವು ಕಪ್ಪುಹಲಗೆಯ ಮೇಲೆ ಬರೆಯುವ ವಿಜ್ಞಾನವೇ: ಒತ್ತಡ, ಕುದಿಬಿಂದು, ಸಾಂದ್ರತೆ, ಸೂಚಕದ ಬಣ್ಣ. ಗ್ಯಾರೇಜಿನ ಪಕ್ಕದಲ್ಲೇ ಬೆಳೆಯುವ ಮಕ್ಕಳಿಗೆ ಕಲಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲಿ ಎಂದು ಇಲ್ಲಿ ವಿವರಿಸುತ್ತಿದ್ದೇನೆ.

ಎರಡು ದ್ರವಗಳ ನಡುವಿನ ಗೋಡೆ

ಎಂಜಿನ್ ಒಳಗೆ ಎರಡು ದ್ರವಗಳು ಬೇರೆ ಬೇರೆ ದಾರಿಯಲ್ಲಿ ಸುತ್ತುತ್ತಿರುತ್ತವೆ. ಒಂದು ಆಯಿಲ್. ಕೆಳಗಿನ ಚೇಂಬರ್‌ನಿಂದ ಪಂಪ್ ಅದನ್ನು ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕ್ ಬೇರಿಂಗ್‌ಗಳಿಗೂ ಮೇಲಿನ ಹೆಡ್‌ಗೂ ಕಳಿಸುತ್ತದೆ. ಇನ್ನೊಂದು ಕೂಲಂಟ್, ಅಂದರೆ ನೀರು ಮತ್ತು ಎಥಿಲೀನ್ ಗ್ಲೈಕಾಲ್‌ನ ಮಿಶ್ರಣ. ವಾಟರ್ ಪಂಪ್ ಅದನ್ನು ಸಿಲಿಂಡರ್‌ಗಳ ಸುತ್ತ, ಹೆಡ್‌ನೊಳಗೆ, ರೇಡಿಯೇಟರ್‌ಗೆ ಓಡಿಸುತ್ತದೆ. ಎರಡೂ ಒಂದೇ ಲೋಹದ ಗಡ್ಡೆಯೊಳಗೆ, ಕೆಲವು ಕಡೆ ಬೆರಳಗಲದ ಅಂತರದಲ್ಲಿ ಹರಿದರೂ ಬೆರೆಯಬಾರದು.

ಅವು ಬೆರೆಯಬೇಕಾದರೆ ನಡುವಿನ ಗೋಡೆ ಎಲ್ಲೋ ಒಡೆದಿರಬೇಕು. ಅಂಥ ಜಾಗಗಳು ಬಹಳವಿಲ್ಲ. ಮೊದಲನೆಯದು ಬ್ಲಾಕ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್. ಅದರಲ್ಲಿ ಸಿಲಿಂಡರ್‌ಗೆ, ನೀರಿಗೆ, ಆಯಿಲ್‌ಗೆ ಬೇರೆ ಬೇರೆ ತೂತುಗಳಿರುತ್ತವೆ. ಎರಡನೆಯದು ಹೆಡ್ ಅಥವಾ ಬ್ಲಾಕ್‌ನ ಲೋಹವೇ ಬಿರುಕು ಬಿಡುವುದು. ಒಮ್ಮೆ ಚೆನ್ನಾಗಿ ಕಾದು ಹೀಟ್ ಆದ ಹಳೆಯ ಎಂಜಿನ್‌ಗಳಲ್ಲಿ ಇದು ಉಂಟು. ಮೂರನೆಯದು ಆಯಿಲ್ ಕೂಲರ್. ಡೀಸೆಲ್ ಎಂಜಿನ್‌ನ ಆಯಿಲ್ ಬೇಗ ಬಿಸಿಯಾಗುವುದರಿಂದ ಅನೇಕ ಕಾರುಗಳಲ್ಲಿ ಫಿಲ್ಟರ್ ಕೂರುವ ಬುಡದಲ್ಲೇ ಅಂಗೈಯಗಲದ ಒಂದು ತಟ್ಟೆಗಳ ಪೊಟ್ಟಣ ಇರುತ್ತದೆ. ತೆಳುವಾದ ಲೋಹದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಬೆಸೆದಿರುತ್ತಾರೆ. ಒಂದು ಸಂದಿಯಲ್ಲಿ ಆಯಿಲ್ ಹರಿದರೆ ಪಕ್ಕದ ಸಂದಿಯಲ್ಲಿ ಕೂಲಂಟ್ ಹರಿಯುತ್ತದೆ. ಶಾಖ ತಟ್ಟೆಯ ಮೂಲಕ ದಾಟುತ್ತದೆ, ದ್ರವ ದಾಟುವುದಿಲ್ಲ. ಹಾಗೆ ದಾಟದಂತೆ ತಡೆಯುವುದು ಆ ತೆಳು ತಟ್ಟೆ ಮತ್ತು ಅದರ ಬೆಸುಗೆ ಮಾತ್ರ. ಆಟೊಮ್ಯಾಟಿಕ್ ಗೇರ್ ಇರುವ ಕಾರಾದರೆ ರೇಡಿಯೇಟರ್‌ನೊಳಗೇ ಗೇರ್ ಆಯಿಲ್ ತಣಿಸುವ ಕೊಳವೆಯೂ ಇರಬಹುದು. ಅಲ್ಲಿ ಸೋರಿದರೆ ನೊರೆಗೆ ಗುಲಾಬಿ ಬಣ್ಣ, ಏಕೆಂದರೆ ಆ ಆಯಿಲ್ ಕೆಂಪು.

ಎಲ್ಲ ಹಳೆಯ ಡೀಸೆಲ್ ಎಂಜಿನ್‌ಗಳಲ್ಲೂ ಆಯಿಲ್ ಕೂಲರ್ ಇರುವುದಿಲ್ಲ. ಫಿಲ್ಟರ್‌ನ ಬುಡಕ್ಕೆ ಎರಡು ರಬ್ಬರ್ ನೀರಿನ ಪೈಪ್ ಬಂದು ಸೇರಿದ್ದರೆ ಇದೆ ಎಂದು ತಿಳಿಯಬಹುದು. ಆ ಹುಡುಗನ ಮನೆಯ ಕಾರಿನಲ್ಲಿ ಇತ್ತು.

ಯಾವಾಗ ಯಾರ ಒತ್ತಡ ಹೆಚ್ಚು?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ದ್ರವ ಹೆಚ್ಚಿನ ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆ ಎಂದು ನಾವು ಪಾಠ ಮಾಡುತ್ತೇವೆ. ಗೋಡೆ ಒಡೆದಾಗ ಯಾವುದು ಯಾವುದರೊಳಗೆ ನುಗ್ಗುತ್ತದೆ ಎಂಬುದನ್ನು ಈ ಒಂದು ವಾಕ್ಯವೇ ತೀರ್ಮಾನಿಸುತ್ತದೆ.

ಕೂಲಂಟ್‌ನ ಒತ್ತಡವನ್ನು ರೇಡಿಯೇಟರ್ ಮುಚ್ಚಳ ನಿಯಂತ್ರಿಸುತ್ತದೆ. ಹಳೆಯ ಕಾರುಗಳ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುವುದನ್ನು ನೋಡಿರಬಹುದು. ಅದು ಬಾರ್ ಲೆಕ್ಕ. ಹೊರಗಿನ ವಾತಾವರಣಕ್ಕಿಂತ ಅಷ್ಟು ಹೆಚ್ಚಿನ ಒತ್ತಡದವರೆಗೆ ಮುಚ್ಚಳ ಬಿಗಿಯಾಗಿರುತ್ತದೆ, ಮೀರಿದರೆ ಬಿಡುತ್ತದೆ. 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರಿ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಪ್ರೆಷರ್ ಕುಕ್ಕರ್ ಉದಾಹರಣೆ ಹೇಳಿ ಬೇಸತ್ತವರಿಗೆ ಇದೊಂದು ಹೊಸ ಉದಾಹರಣೆ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಎನ್ನುವುದಕ್ಕೂ ಇದೇ ಕಾರಣ: ಒತ್ತಡ ಇಳಿದ ಕ್ಷಣಕ್ಕೆ, ಅಲ್ಲಿಯವರೆಗೆ ಸುಮ್ಮನಿದ್ದ ನೀರು ಒಮ್ಮೆಲೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಆಯಿಲ್‌ನ ಒತ್ತಡ ಪಂಪ್‌ನಿಂದ ಬರುವಂಥದು. ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಸುಮಾರು 1 ಬಾರ್ ಇರಬಹುದು, ರಸ್ತೆಯಲ್ಲಿ ಓಡುವಾಗ 3ರಿಂದ 5 ಬಾರ್. ಗ್ಯಾರೇಜಿನಲ್ಲಿ ಬಾರ್ ಎನ್ನುವುದಿಲ್ಲ. 'ಕೆಜಿ' ಅಥವಾ 'ಪೌಂಡ್' ಎನ್ನುತ್ತಾರೆ. 1 ಬಾರ್ ಎಂದರೆ ಹೆಚ್ಚುಕಡಿಮೆ 1 ಕೆಜಿ, ಇಲ್ಲವೇ 14.5 ಪೌಂಡ್. ಕಾರಿನ ಟೈರಿಗೆ 30 ಪೌಂಡ್ ಹಾಕಿ ಎನ್ನುವವರು 2 ಬಾರ್ ಹಾಕಿ ಎಂದೇ ಹೇಳುತ್ತಿದ್ದಾರೆ.

ಮೂರನೆಯ ಒತ್ತಡ ಸಿಲಿಂಡರ್‌ನೊಳಗಿನ ಗಾಳಿಯದು. ಹಳೆಯ ಡೀಸೆಲ್ ಎಂಜಿನ್ ಗಾಳಿಯನ್ನು ಇಪ್ಪತ್ತರ ಆಸುಪಾಸು ಪಟ್ಟು ಅಮುಕುತ್ತದೆ. ಡೀಸೆಲ್ ಸಿಂಪಡಿಸುವ ಮೊದಲೇ ಅಲ್ಲಿ 25ರಿಂದ 35 ಬಾರ್ ಇರುತ್ತದೆ, ಉರಿದ ಮೇಲೆ ಇನ್ನೂ ಬಹಳ ಹೆಚ್ಚು.

ಈಗ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಸಿಲಿಂಡರ್ ಮತ್ತು ನೀರಿನ ನಡುವೆ ಗ್ಯಾಸ್ಕೆಟ್ ಸುಟ್ಟರೆ ನೀರಿನೊಳಗೆ ಮೊದಲು ನುಗ್ಗುವುದು ಗಾಳಿ ಮತ್ತು ಹೊಗೆ, ಆಯಿಲ್ ಅಲ್ಲ. ನೀರು ಗುಳ್ಳೆ ಏಳುತ್ತದೆ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಮೇಲಿನ ಹೋಸ್ ಪೈಪ್ ಗಟ್ಟಿಯಾಗುತ್ತದೆ. ಕೂಲಂಟ್ ಹೊರಗೆ ಉಕ್ಕುತ್ತದೆ. ಆಯಿಲ್ ಕೂಲರ್ ಒಡೆದರೆ ಇದಾವುದೂ ಇಲ್ಲ. ಓಡುವಾಗ ಆಯಿಲ್ 4 ಬಾರ್, ನೀರು 1 ಬಾರ್. ಆದ್ದರಿಂದ ಆಯಿಲ್ ಸದ್ದಿಲ್ಲದೆ ನೀರಿಗೆ ಸೇರುತ್ತದೆ. ಎಂಜಿನ್ ಆಫ್ ಮಾಡಿದ ತಕ್ಷಣ ಆಯಿಲ್ ಒತ್ತಡ ಸೊನ್ನೆಗೆ ಬರುತ್ತದೆ, ಆದರೆ ಬಿಸಿ ನೀರಿನ ಒತ್ತಡ ಇನ್ನೂ ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ. ಆಗ ಹರಿವು ತಿರುಗಿ, ಸ್ವಲ್ಪ ನೀರು ಆಯಿಲ್‌ಗೆ ಹೋಗಬಹುದು. ಬಿರುಕು ಕೂದಲೆಳೆಯಷ್ಟಿದ್ದರೆ ಹೋದ ನೀರು ಮರುದಿನ ಆಯಿಲ್ ಬಿಸಿಯಾದಾಗ ಆವಿಯಾಗಿ ಹೊರಟುಹೋಗುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಕುರುಹೂ ಕಾಣುವುದಿಲ್ಲ. ಒಂದೇ ಬಿರುಕು, ಹಗಲಿಗೊಂದು ದಿಕ್ಕು, ರಾತ್ರಿಗೊಂದು ದಿಕ್ಕು.

ಹಾಗಾಗಿ 'ರೇಡಿಯೇಟರ್‌ನಲ್ಲಿ ಆಯಿಲ್ ಬಂದಿದೆ, ಅಂದಮೇಲೆ ಹೆಡ್ ಗ್ಯಾಸ್ಕೆಟ್' ಎನ್ನುವ ಮಾತು ಅರ್ಧ ಮಾತು. ಗ್ಯಾಸ್ಕೆಟ್‌ನಿಂದಲೂ ಬರಬಹುದು ನಿಜ. ಹೆಡ್‌ಗೆ ಏರುವ ಆಯಿಲ್ ದಾರಿ ಮತ್ತು ಪಕ್ಕದ ನೀರಿನ ತೂತಿನ ನಡುವೆ ಮಾತ್ರ ಗ್ಯಾಸ್ಕೆಟ್ ತಿಂದುಹೋಗಿದ್ದರೆ, ಗುಳ್ಳೆಯಿಲ್ಲದೆ ಆಯಿಲ್ ಒಂದೇ ಬರುತ್ತದೆ. ಅಂದರೆ ಹೊರಗಿನ ಲಕ್ಷಣ ಆಯಿಲ್ ಕೂಲರ್‌ನದೇ. ಈ ಎರಡನ್ನು ಕಣ್ಣಿನಿಂದ ಬೇರ್ಪಡಿಸಲಾಗದು.

ಮೊದಲು: ಅದು ಆಯಿಲ್ ಹೌದೇ?

ಮೇಸ್ತ್ರಿ ಮೊದಲು ಮಾಡಿದ್ದು ಪಾನಾ ಹಿಡಿಯುವುದಲ್ಲ. ತಣ್ಣಗಿದ್ದ ರೇಡಿಯೇಟರ್‌ನಿಂದ ಒಂದು ಗಾಜಿನ ಬಾಟಲಿಗೆ ಆ ಕಂದು ಪದಾರ್ಥವನ್ನು ತುಂಬಿ ಕಿಟಕಿಯಲ್ಲಿಟ್ಟರು. "ಎಲ್ಲ ಕೆಸರೂ ಆಯಿಲ್ ಅಲ್ಲ ಮೇಡಂ. ಎಷ್ಟೋ ಜನ ತುಕ್ಕು ನೋಡಿ ಹೆಡ್ ಇಳಿಸಿದ್ದಾರೆ" ಎಂದರು.

ಬರಿ ನಲ್ಲಿ ನೀರು ಹಾಕಿ ವರ್ಷಗಟ್ಟಲೆ ಓಡಿಸಿದ ರೇಡಿಯೇಟರ್‌ನಲ್ಲಿ ಇಟ್ಟಿಗೆ ಬಣ್ಣದ ತುಕ್ಕಿನ ಕೆಸರು ಇರುತ್ತದೆ. ಬೆರಳಿಗೆ ಹಚ್ಚಿ ಉಜ್ಜಿದರೆ ಅದು ಪುಡಿಪುಡಿ, ಜಿಡ್ಡಲ್ಲ. ನೀರಲ್ಲಿ ತೊಳೆದರೆ ಹೋಗುತ್ತದೆ. ಎರಡು ಬೇರೆ ಜಾತಿಯ ಕೂಲಂಟ್ ಬೆರೆಸಿದರೆ ಕೆಲವೊಮ್ಮೆ ಅವುಗಳ ರಾಸಾಯನಿಕಗಳು ಹೊಂದಿಕೆಯಾಗದೆ ಲೋಳೆಯಂತಾಗುತ್ತವೆ. ಅದಕ್ಕೂ ಆಯಿಲ್‌ಗೂ ಸಂಬಂಧವಿಲ್ಲ. ಸೋರಿಕೆ ನಿಲ್ಲಲಿ ಎಂದು ರೇಡಿಯೇಟರ್‌ಗೆ ಸುರಿಯುವ ಪುಡಿಯೂ ಕಂದು ರಾಡಿ ಮಾಡುತ್ತದೆ. ಇನ್ನು ಯಾರೋ ಅವಸರದಲ್ಲಿ ಬೇರೆ ಡಬ್ಬಕ್ಕೆ ಹಾಕಬೇಕಾದ ಆಯಿಲ್ ಅನ್ನು ಕೂಲಂಟ್ ಡಬ್ಬಕ್ಕೆ ಸುರಿದಿರುವುದೂ ಉಂಟು, ಆದ್ದರಿಂದ ಕೊನೆಯ ಸರ್ವಿಸ್ ಎಲ್ಲಿ, ಯಾರು ಏನು ಹಾಕಿದರು ಎಂದು ಕೇಳುವುದೂ ಪರೀಕ್ಷೆಯ ಭಾಗವೇ. ಡೀಸೆಲ್ ವಾಸನೆ ಹೊಡೆದರೆ ಅದು ಬೇರೆಯೇ ಕಥೆ. ನಾಜಲ್‌ಗಳ ಸುತ್ತ ನೀರು ಹರಿಯುವ ಕೆಲವು ಎಂಜಿನ್‌ಗಳಲ್ಲಿ ಅಲ್ಲಿಂದ ಡೀಸೆಲ್ ಸೋರಬಹುದು.

ಇದಕ್ಕೆ ತಿರುಗುಮುರುಗಾದ ಗೊಂದಲವೂ ಇದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಬಣ್ಣದ ನೊರೆ ಕಂಡ ಕೂಡಲೇ ಗಾಬರಿಯಾಗುವವರಿದ್ದಾರೆ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಅದರಲ್ಲೂ ಮಳೆಗಾಲ ಚಳಿಗಾಲದಲ್ಲಿ, ಒಳಗಿನ ತೇವ ತಣ್ಣನೆಯ ಮುಚ್ಚಳಕ್ಕೆ ಸಾಂದ್ರೀಕರಿಸಿ ಆಯಿಲ್ ಜೊತೆ ಬೆರೆತು ಹೀಗಾಗುತ್ತದೆ. ಡಿಪ್‌ಸ್ಟಿಕ್‌ನ ಆಯಿಲ್ ಶುದ್ಧ ಕಪ್ಪಾಗಿದ್ದರೆ ಅಷ್ಟರಿಂದಲೇ ಎಂಜಿನ್ ಬಿಚ್ಚಬೇಕಿಲ್ಲ. ಅನುಮಾನವಿದ್ದರೆ ಕಬ್ಬಿಣದ ತಟ್ಟೆಯನ್ನು ಚೆನ್ನಾಗಿ ಕಾಯಿಸಿ, ಡಿಪ್‌ಸ್ಟಿಕ್‌ನಿಂದ ಒಂದೇ ಹನಿ ಬೀಳಿಸುತ್ತಾರೆ. ನೀರಿದ್ದರೆ ಒಗ್ಗರಣೆಯಂತೆ ಚಟಪಟ ಎನ್ನುತ್ತದೆ.

ಕಿಟಕಿಯಲ್ಲಿದ್ದ ಬಾಟಲಿ ಮರುದಿನಕ್ಕೂ ಪೂರ್ತಿ ಬೇರೆಯಾಗಿರಲಿಲ್ಲ. ತಳದಲ್ಲಿ ಸ್ವಲ್ಪ ಹಸಿರು ಕೂಲಂಟ್, ಮೇಲೆ ಎರಡು ಬೆರಳಿನಷ್ಟು ಕಂದು ಕೆನೆ, ಅದರ ಮೇಲೆ ತೆಳುವಾದ ಕಪ್ಪು ಜಿಡ್ಡು. ಆಯಿಲ್‌ನ ಸಾಂದ್ರತೆ ಸುಮಾರು 0.88, ಕೂಲಂಟ್ ಮಿಶ್ರಣದ್ದು ನೀರಿಗಿಂತ ತುಸು ಹೆಚ್ಚು, ಆದ್ದರಿಂದ ಯಾವುದು ಮೇಲೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ಬೇರೆಯಾಗದೆ ಉಳಿದ ಕೆನೆ ಹೆಚ್ಚು ಕುತೂಹಲದ್ದು. ನೀರಿಗೆ ಅಡುಗೆ ಎಣ್ಣೆ ಹಾಕಿ ಕುಲುಕಿದರೆ ಕೆಲವೇ ನಿಮಿಷದಲ್ಲಿ ಬೇರೆಯಾಗುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ದ್ರವ ಬಿದ್ದರೆ ಆಗುವುದಿಲ್ಲ. ಡೀಸೆಲ್ ಎಂಜಿನ್‌ನ ಆಯಿಲ್‌ನಲ್ಲಿ ಮಸಿ ಒಂದೆಡೆ ಗಂಟುಕಟ್ಟದಂತೆ ತೇಲಿಸಿಡಲು ಡಿಟರ್ಜೆಂಟ್ ಗುಣದ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಎಂಜಿನ್ ಒಳಗೆ ಆಯಿಲ್ ಮಾಡಬೇಕಾದ ಒಳ್ಳೆಯ ಕೆಲಸಕ್ಕಾಗಿ ಸೇರಿಸಿದ್ದೇ ರೇಡಿಯೇಟರ್‌ನಲ್ಲಿ ಎಮಲ್ಷನ್ ಅನ್ನು ಒಡೆಯದಂತೆ ಹಿಡಿದಿಡುತ್ತದೆ. ಕಡೆಯುವ ಕೆಲಸ ವಾಟರ್ ಪಂಪ್‌ನದು.

ಇನ್ನೊಂದು ಮಾತು. ಆ ಕೆನೆಯ ಒಂದು ಉಂಡೆಯನ್ನು ನೀರಿನ ಲೋಟಕ್ಕೆ ಹಾಕಿದಾಗ ಅದು ಕರಗಿ ಹರಡಲಿಲ್ಲ, ಉಂಡೆಯಾಗಿಯೇ ತೇಲಿತು. ಹಾಲಿನ ಹನಿಯಾದರೆ ನೀರಿನಲ್ಲಿ ಹರಡುತ್ತದೆ, ಏಕೆಂದರೆ ಹಾಲಿನಲ್ಲಿ ಹೊರಗಿರುವುದು ನೀರು, ಒಳಗಿರುವುದು ಕೊಬ್ಬಿನ ಹನಿ. ಇಲ್ಲಿ ಅದು ತಿರುಗಿದೆ: ಹೊರಗೆ ಆಯಿಲ್, ಒಳಗೆ ನೀರಿನ ಹನಿಗಳು. ಬೆಣ್ಣೆಯೂ ಹಾಗೆಯೇ, ಕೊಬ್ಬಿನೊಳಗೆ ನೀರು. ಪಠ್ಯದ ಪಟ್ಟಿ ಬೆಣ್ಣೆಯನ್ನು ಜೆಲ್ ಸಾಲಿಗೆ ಹಾಕಿರುವುದು ಅದರ ಕೊಬ್ಬು ಘನವಾಗಿರುವುದರಿಂದ. ಹುಡುಗ ಹಾಲು ಎನ್ನದೆ ಬೆಣ್ಣೆ ಎಂದದ್ದು ನಮ್ಮ ಚಾರ್ಟಿಗಿಂತ ಕರಾರುವಾಕ್ಕಾಗಿತ್ತು.

ಸಾಕ್ಷ್ಯಗಳನ್ನು ಕೂಡಿಸುವುದು

ಆ ಕಾರಿನ ಸ್ಥಿತಿ ಹೀಗಿತ್ತು. ಕೂಲಂಟ್ ಡಬ್ಬದಲ್ಲಿ ಕಂದು ಕೆನೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಪ್ಪು, ನೊರೆಯಿಲ್ಲ, ಆದರೆ ಮಟ್ಟ ಕೆಳಗಿನ ಗೆರೆಗೆ ಇಳಿದಿದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯಿಲ್ಲ. ಬೆಳಿಗ್ಗೆ ಸ್ಟಾರ್ಟ್ ಒಂದೇ ಸೆಲ್ಫ್‌ಗೆ ಆಗುತ್ತದೆ. ಹೀಟ್ ಮುಳ್ಳು ಇತ್ತೀಚೆಗೆ ಮಾತ್ರ ಸ್ವಲ್ಪ ಮೇಲೆ ಹೋಗುತ್ತಿತ್ತು.

ತಣ್ಣನೆಯ ಎಂಜಿನ್‌ನ ರೇಡಿಯೇಟರ್‌ಗೆ ನೀರು ತುಂಬಿಸಿ, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿದರು. ಮೊದಲು ಒಂದಷ್ಟು ಗುಳ್ಳೆ ಬಂದವು, ಆಮೇಲೆ ನಿಂತವು. ಸಿಕ್ಕಿಹಾಕಿಕೊಂಡಿದ್ದ ಗಾಳಿ ಹೊರಬಂದದ್ದು ಅದು. ಗ್ಯಾಸ್ಕೆಟ್‌ನಿಂದ ಬರುವ ಗುಳ್ಳೆ ನಿಲ್ಲುವುದಿಲ್ಲ, ರೇಸ್ ಮಾಡಿದರೆ ಹೆಚ್ಚುತ್ತದೆ. ಇಲ್ಲಿ ಹೆಚ್ಚಲಿಲ್ಲ.

ಇನ್ನೂ ಖಚಿತ ಬೇಕೆಂದರೆ ಬಣ್ಣದ ಪರೀಕ್ಷೆಯಿದೆ. ಒಂದು ಪಾರದರ್ಶಕ ಕೊಳವೆಯಲ್ಲಿ ನೀಲಿ ಸೂಚಕ ದ್ರಾವಣ ತುಂಬಿ ರೇಡಿಯೇಟರ್ ಬಾಯಿಗೆ ಇಟ್ಟು, ಮೇಲಿನ ಗಾಳಿಯನ್ನು ರಬ್ಬರ್ ಬುಗ್ಗೆಯಿಂದ ದ್ರಾವಣದ ಮೂಲಕ ಎಳೆಯುತ್ತಾರೆ. ಉರಿದ ಹೊಗೆಯ ಕಾರ್ಬನ್ ಡೈಆಕ್ಸೈಡ್ ಅದರಲ್ಲಿದ್ದರೆ ದ್ರಾವಣ ಆಮ್ಲೀಯವಾಗಿ ನೀಲಿ ಹೋಗಿ ಹಸಿರು, ಹಳದಿ ಆಗುತ್ತದೆ. ನಾವು ಪ್ರಯೋಗಾಲಯದಲ್ಲಿ ಬ್ರೋಮೋಥೈಮಾಲ್ ಬ್ಲೂಗೆ ಉಸಿರು ಊದಿ ತೋರಿಸುವುದು ಇದನ್ನೇ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಅಗತ್ಯಕ್ಕಿಂತ ಬಹಳ ಹೆಚ್ಚು ಗಾಳಿ ಎಳೆದುಕೊಳ್ಳುವುದರಿಂದ ಅದರ ಹೊಗೆಯಲ್ಲಿ ಪೆಟ್ರೋಲ್ ಎಂಜಿನ್‌ಗಿಂತ ಕಾರ್ಬನ್ ಡೈಆಕ್ಸೈಡ್ ಕಡಿಮೆ. ಆದ್ದರಿಂದ ಬಣ್ಣ ನಿಧಾನವಾಗಿ ಬದಲಾಗುತ್ತದೆ, ಹಸಿರಿಗೇ ನಿಲ್ಲಲೂಬಹುದು. ಬದಲಾಗದಿದ್ದರೆ ಗ್ಯಾಸ್ಕೆಟ್ ಸರಿಯಿದೆ ಎಂದು ಆತುರದಲ್ಲಿ ಹೇಳಬಾರದು, ಎಂಜಿನ್‌ಗೆ ಸ್ವಲ್ಪ ಭಾರ ಕೊಟ್ಟು ಮತ್ತೆ ನೋಡಬೇಕು. ಈ ಉಪಕರಣ ಎಲ್ಲ ಗ್ಯಾರೇಜಿನಲ್ಲೂ ಇರುವುದಿಲ್ಲ. ಈ ಮೇಸ್ತ್ರಿಯ ಬಳಿಯೂ ಇರಲಿಲ್ಲ.

ಅವರ ಬಳಿ ಇದ್ದದ್ದು ರೇಡಿಯೇಟರ್ ಬಾಯಿಗೆ ಹಾಕುವ ಕೈಪಂಪ್. ಎಂಜಿನ್ ಆಫ್ ಮಾಡಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಹಾಕಿ, ಕಾದರು. ಮುಳ್ಳು ನಿಧಾನವಾಗಿ ಇಳಿಯಿತು, ಹೊರಗೆ ಎಲ್ಲೂ ಹನಿಯಿಲ್ಲ. ಅಂದರೆ ಒಳಗೆ ಎಲ್ಲೋ ಹೋಗುತ್ತಿದೆ. ಹೀಟರ್ ಪ್ಲಗ್‌ಗಳನ್ನು ಬಿಚ್ಚಿ, ಡೀಸೆಲ್ ಬರದಂತೆ ಮಾಡಿ ಸೆಲ್ಫ್ ಹೊಡೆದರು. ಸಿಲಿಂಡರ್‌ಗೆ ನೀರು ಇಳಿದಿದ್ದರೆ ಪ್ಲಗ್ ತೂತಿನಿಂದ ಚಿಮ್ಮಬೇಕಿತ್ತು. ನಾಲ್ಕೂ ಒಣ. ಸಿಲಿಂಡರ್‌ಗಳಿಗೂ ನೀರಿಗೂ ಸಂಪರ್ಕವಿಲ್ಲ ಎನ್ನುವುದಕ್ಕೆ ಇದು ಎರಡನೇ ಸಾಕ್ಷಿ.

ಉಳಿದದ್ದು ಎರಡು: ಆಯಿಲ್ ಕೂಲರ್, ಅಥವಾ ಗ್ಯಾಸ್ಕೆಟ್/ಹೆಡ್‌ನಲ್ಲಿ ಆಯಿಲ್ ದಾರಿ ಮತ್ತು ನೀರಿನ ದಾರಿಯ ನಡುವಿನ ಒಡಕು. ಯಾವುದು ಹೆಚ್ಚು ಸಂಭವ ಎಂದು ನಾನು ಕೇಳಿದೆ. ಮೇಸ್ತ್ರಿ ಆ ಪ್ರಶ್ನೆಯನ್ನೇ ಬದಲಿಸಿದರು: "ಯಾವುದು ನೋಡೋಕೆ ಸಸ್ತಾ ಅಂತ ಕೇಳಿ." ಹೆಡ್ ಇಳಿಸಬೇಕೆಂದರೆ ಟೈಮಿಂಗ್ ಬೆಲ್ಟ್ ಕಳಚಬೇಕು, ಹೊಸ ಗ್ಯಾಸ್ಕೆಟ್ ಸೆಟ್, ಹೊಸ ಬೋಲ್ಟ್, ಹೆಡ್ ಅನ್ನು ಲೇತ್‌ಗೆ ಕಳಿಸಿ ಫೇಸಿಂಗ್, ದಿನಗಟ್ಟಲೆ ಕೆಲಸ. ಕೂಲರ್ ಬಿಚ್ಚಲು ಫಿಲ್ಟರ್ ತೆಗೆದು, ಎರಡು ಪೈಪ್ ಕಳಚಿ, ನಡುವಿನ ಒಂದು ದೊಡ್ಡ ನಟ್ ಸಡಿಲಿಸಿದರೆ ಸಾಕು. ಸಂಭವ ಸಮಸಮ ಇದ್ದರೂ ಮೊದಲು ಕೂಲರ್‌ನ್ನೇ ನೋಡಬೇಕು, ಏಕೆಂದರೆ ಆ ಊಹೆ ತಪ್ಪಾಗಿದ್ದರೂ ನಷ್ಟ ಒಂದು ಗಂಟೆಯದು.

ವಿಧಾನಶಾಸ್ತ್ರದ ತರಗತಿಯಲ್ಲಿ 'ಊಹೆಯನ್ನು ರೂಪಿಸಿ, ಪರೀಕ್ಷಿಸಿ' ಎಂದು ಬರೆದುಕೊಳ್ಳುತ್ತೇವೆ. ಯಾವ ಊಹೆಯನ್ನು ಮೊದಲು ಪರೀಕ್ಷಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ.

ಬಿಚ್ಚಿದ ಕೂಲರ್ ಹೊರಗಿನಿಂದ ಏನೂ ಆಗದಂತಿತ್ತು. ಆಯಿಲ್ ಬದಿಯ ತೂತುಗಳಿಗೆ ರಬ್ಬರ್ ಒತ್ತಿ ಕಟ್ಟಿ, ಒಂದರ ಮೂಲಕ ಕಂಪ್ರೆಸರ್‌ನಿಂದ 4 ಕೆಜಿ ಗಾಳಿ ಕೊಟ್ಟು, ಬಿಸಿನೀರಿನ ಬೋಗುಣಿಯಲ್ಲಿ ಮುಳುಗಿಸಿದರು. ಸೈಕಲ್ ಟ್ಯೂಬಿನ ಪಂಚರ್ ಹುಡುಕುವ ಕ್ರಮವೇ. ತಣ್ಣೀರಲ್ಲ, ಬಿಸಿನೀರು ಏಕೆಂದರೆ ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಬಿರುಕುಗಳಿರುತ್ತವೆ. ನೀರಿನ ಪೈಪ್ ಸೇರುವ ಬಾಯಿಂದ ಸಣ್ಣ ಗುಳ್ಳೆಗಳ ಒಂದು ಎಳೆ ಬರತೊಡಗಿತು. ಆಯಿಲ್ ಬದಿಗೆ ಕೊಟ್ಟ ಗಾಳಿ ನೀರಿನ ಬದಿಯಿಂದ ಬರುತ್ತಿದೆ ಎಂದಮೇಲೆ ಹೇಳಲು ಇನ್ನೇನೂ ಉಳಿಯಲಿಲ್ಲ. ಹುಡುಗನೂ ಅವನ ತಂದೆಯೂ ಅಲ್ಲೇ ಇದ್ದರು. ತಂದೆ ಬೋಗುಣಿಯ ಹತ್ತಿರ ಕೂತು ಬಹಳ ಹೊತ್ತು ಆ ಗುಳ್ಳೆಗಳನ್ನೇ ನೋಡಿದರು.

ಹೆಡ್ ಸರಿಯಿತ್ತು. ಆದರೆ ಹಾಗೇ ಓಡಿಸಿದ್ದರೆ ಸರಿಯಾಗಿಯೇ ಉಳಿಯುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಕೆನೆ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡು ಶಾಖ ಹೊರಹೋಗುವುದನ್ನು ತಡೆಯುತ್ತದೆ. ಹೀಟ್ ಮುಳ್ಳು ಮೇಲೇರುತ್ತಿದ್ದುದು ಅದಕ್ಕೇ. ಹೀಟ್ ಆದ ಎಂಜಿನ್‌ನಲ್ಲಿ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಇನ್ನೆರಡು ವಾರ ಓಡಿದ್ದರೆ ಆ ತಪ್ಪು ರೋಗನಿರ್ಣಯವೇ ನಿಜವಾಗುತ್ತಿತ್ತು.

ರಿಪೇರಿ ಆದ ಮೇಲೂ ಬರುವ ಆಯಿಲ್

ಹೊಸ ಕೂಲರ್ ಹಾಕಿದ ಮೂರನೇ ದಿನ ಮತ್ತೆ ಕೂಲಂಟ್ ಡಬ್ಬದಲ್ಲಿ ಜಿಡ್ಡು ಕಂಡಿತು. ಇದು ಎಲ್ಲರೂ ಎಡವುವ ಜಾಗ. ಎಂಜಿನ್‌ನ ಮೂಲೆಮೂಲೆಯಲ್ಲಿ, ಹೀಟರ್‌ನ ಸಣ್ಣ ರೇಡಿಯೇಟರ್‌ನಲ್ಲಿ ಅಂಟಿಕೊಂಡ ಹಳೆಯ ಆಯಿಲ್ ಒಂದೇ ಸಲಕ್ಕೆ ಹೋಗುವುದಿಲ್ಲ. ಹೊಸ ಸೋರಿಕೆಯೋ ಹಳೆಯ ಉಳಿಕೆಯೋ ಎಂದು ತಿಳಿಯಲು ಡಬ್ಬ ನೋಡಿದರೆ ಸಾಲದು, ಆಯಿಲ್ ಮಟ್ಟ ನೋಡಬೇಕು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಗುರುತಿಸಿಕೊಂಡು ಕೆಲವು ದಿನ ಓಡಿಸಿ, ಮಟ್ಟ ಇಳಿಯದೆ ಡಬ್ಬದ ಜಿಡ್ಡು ಪ್ರತಿ ತೊಳೆತಕ್ಕೂ ಕಡಿಮೆಯಾಗುತ್ತಿದ್ದರೆ ಅದು ಉಳಿಕೆ. ಇಲ್ಲಿ ಹಾಗೆಯೇ ಆಯಿತು. ಡಿಟರ್ಜೆಂಟ್ ಬೆರೆಸಿದ ಬಿಸಿನೀರಲ್ಲಿ ಮೂರು ಸಲ ತೊಳೆದು, ಆಮೇಲೆ ಬರಿ ನೀರಲ್ಲಿ ಮತ್ತೆರಡು ಸಲ ತೊಳೆದು, ಕೊನೆಗೆ ಹೊಸ ಕೂಲಂಟ್ ಹಾಕಿದರು. ಮೊದಲೇ ದುಬಾರಿ ಕೂಲಂಟ್ ತುಂಬುವುದು ದಂಡ.

ರಬ್ಬರ್ ಹೋಸ್‌ಗಳ ಕಥೆ ಬೇರೆ. ಕೂಲಂಟ್ ಪೈಪ್‌ಗಳನ್ನು ಸಾಮಾನ್ಯವಾಗಿ ಮಾಡುವ ಇಪಿಡಿಎಂ ರಬ್ಬರ್ ನೀರಿಗೆ, ಶಾಖಕ್ಕೆ ಚೆನ್ನಾಗಿ ತಡೆಯುತ್ತದೆ, ಆದರೆ ಖನಿಜ ಎಣ್ಣೆಯನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಸಮಾನ ಗುಣದವು ಒಂದರಲ್ಲೊಂದು ಬೆರೆಯುತ್ತವೆ ಎಂದು ದ್ರಾವಣಗಳ ಪಾಠದಲ್ಲಿ ಹೇಳುತ್ತೇವಲ್ಲ, ಅದೇ. ಆ ಕಾರಿನ ಮೇಲಿನ ಹೋಸ್ ಹಿಂಡಿದರೆ ನೆಂದ ರಸ್ಕಿನಂತಿತ್ತು. ಎಷ್ಟೇ ತೊಳೆದರೂ ಹೀರಿದ ಎಣ್ಣೆ ಅದರಿಂದ ಪೂರ್ತಿ ಹೋಗದು, ಬದಲಿಸಲೇಬೇಕು.

ತರಗತಿಯಲ್ಲಿ

ಇದನ್ನು ನಾನು ಎರಡು ಅವಧಿಗಳಿಗೆ ಹಂಚಿಕೊಂಡೆ. ಮೊದಲ ಅವಧಿ ಎಮಲ್ಷನ್‌ಗೆ. ಪ್ರತಿ ಗುಂಪಿಗೆ ಎರಡು ಪ್ರನಾಳ, ನೀರು, ಅಡುಗೆ ಎಣ್ಣೆ, ಒಂದು ಹನಿ ಪಾತ್ರೆ ತೊಳೆಯುವ ದ್ರವ. ಬೇರೆಯಾಗಲು ಹಿಡಿದ ಸಮಯವನ್ನು ಮಕ್ಕಳೇ ಗಡಿಯಾರ ನೋಡಿ ಬರೆದರು. ಒಂದು ಗುಂಪು ಅವಧಿ ಮುಗಿದರೂ ಬೇರೆಯಾಗದ ಪ್ರನಾಳವನ್ನು ಬೀರುವಿನ ಮೇಲಿಟ್ಟು ಸಂಜೆ ಬಂದು ನೋಡಿಕೊಂಡು ಹೋಯಿತು.

ಎರಡನೇ ಅವಧಿಯಲ್ಲಿ ಮೂರು ಒತ್ತಡಗಳನ್ನು ಹಲಗೆಯ ಮೇಲೆ ಬರೆದು, ನಾಲ್ಕು ಕಾರುಗಳ ಲಕ್ಷಣಗಳನ್ನು ಚೀಟಿಗಳಲ್ಲಿ ಕೊಟ್ಟೆ. ಒಂದರಲ್ಲಿ ನಿಲ್ಲದ ಗುಳ್ಳೆ ಮತ್ತು ಗಟ್ಟಿ ಹೋಸ್. ಒಂದರಲ್ಲಿ ಈ ಕಾರಿನ ಲಕ್ಷಣ. ಒಂದರಲ್ಲಿ ಪುಡಿಪುಡಿ ಇಟ್ಟಿಗೆಬಣ್ಣ. ಇನ್ನೊಂದರಲ್ಲಿ ಕೂಲಂಟ್ ಸ್ವಚ್ಛ, ಆದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದೆ, ಬಣ್ಣ ಕಾಫಿಯಂತಾಗಿದೆ. ಈ ಕೊನೆಯದು ಸಿಲಿಂಡರ್ ಲೈನರ್‌ನ ಹೊರಮೈಗೇ ನೀರು ತಾಗುವ ಎಂಜಿನ್‌ಗಳದು, ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯ. ಲೈನರ್ ಕೆಳಗಿನ ರಬ್ಬರ್ ರಿಂಗ್ ಹೋದರೆ ನೀರು ನೇರ ಚೇಂಬರ್‌ಗೆ ಇಳಿಯುತ್ತದೆ. ಅಲ್ಲಿ ಆಯಿಲ್‌ಗೆ ಒತ್ತಡವಿಲ್ಲ, ಅದಕ್ಕೇ ಅದು ನೀರಿಗೆ ಬರುವುದಿಲ್ಲ. ಟ್ರ್ಯಾಕ್ಟರ್ ಇರುವ ಮನೆಯ ಹುಡುಗಿಯೊಬ್ಬಳು ಚೀಟಿಯನ್ನು ಪೂರ್ತಿ ಓದುವ ಮೊದಲೇ ಉತ್ತರ ಹೇಳಿದಳು, ಕಾರಣ ಹೇಳಲು ಮಾತ್ರ ಹಲಗೆಯ ಹತ್ತಿರ ಬರಬೇಕಾಯಿತು. 'ಎಂಜಿನ್ ಆಫ್ ಆದಮೇಲೆ ಏನಾಗುತ್ತದೆ?' ಎಂಬ ಪ್ರಶ್ನೆಗೆ ಹೆಚ್ಚಿನವರು ಏನೂ ಆಗುವುದಿಲ್ಲ ಎಂದರು. ದಿಕ್ಕು ತಿರುಗುವುದನ್ನು ತೋರಿಸಲು ಹಲಗೆಯ 4ನ್ನು ಅಳಿಸಿ ಸೊನ್ನೆ ಬರೆದು, 1ನ್ನು ಹಾಗೇ ಬಿಟ್ಟೆ. ಅಷ್ಟು ಸಾಕಾಯಿತು.

ಇದನ್ನು ಮಾಡಬಯಸುವವರಿಗೆ ಒಂದು ಎಚ್ಚರಿಕೆ. ಗ್ಯಾರೇಜಿನ ನಿಜವಾದ ಕೆನೆಯನ್ನು ತರಗತಿಗೆ ತರುವ ಆಸೆಯಾಗುತ್ತದೆ, ತಂದರೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಮಾತ್ರ, ಮಕ್ಕಳ ಕೈಗೆ ಕೊಡದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ಮನುಷ್ಯರಿಗೂ, ನೆಕ್ಕುವ ನಾಯಿ ಬೆಕ್ಕುಗಳಿಗೂ ಅಪಾಯ. ಪಾಠ ಮುಗಿದ ಮೇಲೆ ಶಾಲೆಯ ಬಚ್ಚಲಿಗೆ ಸುರಿಯದೆ ಗ್ಯಾರೇಜಿಗೇ ವಾಪಸ್ ಕೊಡಿ, ಅಲ್ಲಿ ಹಳೆಯ ಆಯಿಲ್ ಕೊಳ್ಳುವವರಿಗಾಗಿ ಪೀಪಾಯಿ ಇಟ್ಟಿರುತ್ತಾರೆ. ಕೂಲಂಟ್‌ಗೆ ಬೇರೆ ಡಬ್ಬ ಇದೆಯೇ ಎಂದು ಕೇಳಿ.